ನಮ್ಮ ವಹಿ ಸುವರ್ಣಸೌಧಕ್ಕೆ ಹೋದ ಕಥೆ

ಆ ವಹಿ ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಇನ್ನೂರು ಪುಟದ್ದು. ಮೊದಲ ಪುಟದಲ್ಲಿ ಅರಿಶಿನದ ಬೆರಳಚ್ಚಿದೆ, ಯಾರೋ ಒಬ್ಬ ಅಜ್ಜಿ ಅಡುಗೆ ಮಾಡುತ್ತಾ ಎದ್ದು ಬಂದು "ಎಲ್ಲಿ ಬರದಿ ನನ್ನ ಹೆಸರು, ತೋರಿಸು" ಅಂತ ಮುಟ್ಟಿದ್ದು. ಒಳಗೆ ಹನ್ನೊಂದು ಹಳ್ಳಿಗಳ 63 ಹೆಂಗಸರ ಹೆಸರಿದೆ. ಅದರಲ್ಲಿ 17ನೇ ಹೆಸರು ನಮ್ಮವ್ವನದು.

ನಾನು ಮುಧೋಳ ತಾಲ್ಲೂಕಿನ ಹಳ್ಳಿಯವಳು. ಘಟಪ್ರಭಾ ಹೊಳೆ ಹತ್ತಿರ. ಹೊಲ ಅಂದರೆ ಕಬ್ಬು, ಕೂಲಿ ಅಂದರೆ ಕಬ್ಬು ಕಡಿಯುವುದು. ಅವ್ವನಿಗೆ ಹತ್ತು ವರ್ಷವಿದ್ದಾಗ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿದರು, ಅಂದರೆ ದೇವದಾಸಿ ಅಂತ ದೇವಿಗೆ ಬಿಟ್ಟರು. ಅಜ್ಜಿಗೆ ಮೈ ಹುಷಾರಿರಲಿಲ್ಲ, ಮನೆಯಲ್ಲಿ ಗಂಡು ಮಗ ಇರಲಿಲ್ಲ, ಹರಕೆ ಅಂದರು. ಅಷ್ಟೇ. ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಬಿತ್ತು, ಆಮೇಲಿನ ಬದುಕು ಹೇಗಿತ್ತು ಅಂತ ಅವ್ವ ನನಗೆ ಪೂರ್ತಿ ಯಾವತ್ತೂ ಹೇಳಿಲ್ಲ. ನಾನೂ ಕೇಳಿಲ್ಲ. ದೇವದಾಸಿ ಪದ್ಧತಿ ನಿಲ್ಲಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಆಗಿದ್ದು 1982ರಲ್ಲಿ, ಜಾರಿಗೆ ಬಂದಿದ್ದು 1984ರಲ್ಲಿ. ಅಷ್ಟೊತ್ತಿಗೆ ಅವ್ವನ ಕೊರಳಲ್ಲಿ ಮುತ್ತು ಬಿದ್ದು ಎಷ್ಟೋ ವರ್ಷ ಆಗಿತ್ತು.

ಸರ್ಕಾರ ಎರಡು ಸಲ ಲೆಕ್ಕ ಮಾಡಿತು. 1993-94ರಲ್ಲಿ ಒಂದು ಸರ್ವೆ, 2007-08ರಲ್ಲಿ ಇನ್ನೊಂದು. ಎರಡೂ ಸೇರಿ 46,660 ಹೆಂಗಸರು. ಆ ಲಿಸ್ಟ್‌ನಲ್ಲಿ ಹೆಸರಿದ್ದು 45 ವರ್ಷ ದಾಟಿದವರಿಗೆ ತಿಂಗಳ ಮಾಸಾಶನ. ನಾನು ವಹಿ ಬರೆಯಲು ಶುರು ಮಾಡಿದಾಗ ಅದು 1,500 ರೂಪಾಯಿ ಇತ್ತು. ಮನೆ, ಸಾಲ, ಸಹಾಯಧನ, ಏನೇ ಇದ್ದರೂ ಅದೇ ಲಿಸ್ಟ್ ನೋಡಿಯೇ ಕೊಡುತ್ತಿದ್ದರು.

ಅವ್ವ ಎರಡೂ ಲಿಸ್ಟ್‌ನಲ್ಲಿ ಇಲ್ಲ. ಮೊದಲನೇ ಸಲ ಸರ್ವೆಯವರು ಬಂದಾಗ ಊರಲ್ಲೆಲ್ಲ ಒಂದೇ ಸುದ್ದಿ: ಹೆಸರು ಕೊಟ್ಟರೆ ಪೊಲೀಸರು ಕೇಸ್ ಹಾಕುತ್ತಾರೆ. ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗಿಬಿಟ್ಟಳಂತೆ. ಎರಡನೇ ಸಲ ಬಂದಾಗ ನಾವು ಊರಲ್ಲೇ ಇರಲಿಲ್ಲ. ಅವ್ವ ಸಾಂಗ್ಲಿ ಕಡೆ ಕಬ್ಬಿನ ಗ್ಯಾಂಗಿನಲ್ಲಿದ್ದಳು, ನಾನು ಜಮಖಂಡಿಯಲ್ಲಿ ಹಾಸ್ಟೆಲ್‌ನಲ್ಲಿ. ಯಾರೋ ಬಂದರು, ಬೀಗ ನೋಡಿದರು, ಹೋದರು.

ಇದರಲ್ಲಿ ಅವ್ವನ ತಪ್ಪು ಎಲ್ಲಿದೆ ಹೇಳಿ?

ನಾನು ಓದಿದೆ, ಬಿ.ಎಡ್ ಮಾಡಿದೆ, ಈಗ ಅತಿಥಿ ಶಿಕ್ಷಕಿ. ನನಗೆ ಅರ್ಜಿ ಬರೆಯಲು ಬರುತ್ತದೆ. ಅದಕ್ಕೇ ಅವ್ವನ ಪರವಾಗಿ ಅರ್ಜಿ ಬರೆದೆ, ಒಂದಲ್ಲ, ನಾಲ್ಕು. ಕೊನೆಗೆ ಒಂದು ಹಿಂಬರಹ ಬಂತು. ಎರಡೇ ಸಾಲು. ಸಮೀಕ್ಷಾ ಪಟ್ಟಿಯಲ್ಲಿ ಹೆಸರು ಇಲ್ಲದ್ದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ. ನೀನು ದೇವದಾಸಿ ಆಗಿರಲಿಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ, ಲಿಸ್ಟ್‌ನಲ್ಲಿ ನೀನಿಲ್ಲ ಅಂತ ಮಾತ್ರ ಇತ್ತು. ಅವ್ವನಿಗೆ ಓದಿ ಹೇಳಿದೆ. ಅವಳು ಆ ಹಾಳೆ ಮಡಚಿ ಯಲ್ಲಮ್ಮನ ಫೋಟೋ ಹಿಂದೆ ಇಟ್ಟಳು. "ನನ್ನಂಥಾಕಿ ನಾ ಒಬ್ಬಾಕಿನ ಏನ್?" ಅಂದಳು.

ಆ ಮಾತಿನಿಂದಲೇ ವಹಿ ಶುರುವಾಗಿದ್ದು. 2023ರ ಬೇಸಿಗೆ ರಜೆ.

ರಜೆಯಲ್ಲಿ ಹೋದೆ, ಆಮೇಲೆ ಭಾನುವಾರ ಭಾನುವಾರ ಹೋದೆ. ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಫ್ರೀ ಆಗಿದ್ದು ನನಗೆ ದೊಡ್ಡ ಉಪಕಾರ ಆಯಿತು, ಇಲ್ಲದಿದ್ದರೆ ಹನ್ನೊಂದು ಹಳ್ಳಿ ತಿರುಗಲು ಆಗುತ್ತಿರಲಿಲ್ಲ. ಕೆಲವರು ಬಾಗಿಲಲ್ಲೇ ಕಳಿಸಿದರು. ಮಗಳನ್ನು ದೂರದ ಊರಿಗೆ ಕೊಟ್ಟಿದ್ದೇನೆ, ಅವರಿಗೆ ಇದೆಲ್ಲ ಗೊತ್ತಿಲ್ಲ, ನೀನು ಇಲ್ಲಿಗೆ ಬಂದಿದ್ದೇ ತಪ್ಪು ಅಂದವರಿದ್ದಾರೆ. ಅವರಿಗೆ ನಾನು ಒತ್ತಾಯ ಮಾಡಲಿಲ್ಲ. ಹೆಸರು ಕೊಟ್ಟವರಲ್ಲಿ ಎಲ್ಲಕ್ಕಿಂತ ಕಷ್ಟ ಆಗಿದ್ದು ವಯಸ್ಸು ಬರೆಯುವುದು. ಆಧಾರ್‌ನಲ್ಲಿ ಒಂದಿದೆ, ವೋಟರ್ ಕಾರ್ಡಿನಲ್ಲಿ ಇನ್ನೊಂದಿದೆ, ಎರಡೂ ಸುಳ್ಳು. ಒಬ್ಬ ಅಜ್ಜಿಯನ್ನು ಕೇಳಿದರೆ, "ಎಪ್ಪತ್ತೆರಡರ ಬರದಾಗ ನಾ ದೊಡ್ಡಾಕಿ ಆಗಿದ್ದೆ ನೋಡು, ಗಂಜಿ ಕೇಂದ್ರದಾಗ ನಿಂತಿದ್ದೆ" ಅಂದಳು. ಆಮೇಲೆ ನಾನು ಎಲ್ಲರಿಗೂ ಅದೇ ಅಳತೆ ಹಿಡಿದೆ. ಬರದ ವರ್ಷ ನೀನು ಎಷ್ಟು ಎತ್ತರ ಇದ್ದಿ? ಕೈಯಿಂದ ತೋರಿಸುತ್ತಿದ್ದರು, ಇಷ್ಟು, ಇಷ್ಟು. ಸೊಂಟದ ಮಟ್ಟ ತೋರಿಸಿದವರು 2023ರಲ್ಲಿ 57-58. ಎದೆ ಮಟ್ಟ ತೋರಿಸಿದವರು 60 ದಾಟಿದವರು.

ಪ್ರತಿ ಹೆಸರಿನ ಮುಂದೆ ನಾಲ್ಕು ಕಾಲಂ ಮಾಡಿದೆ. ವಯಸ್ಸು, ಮುತ್ತು ಕಟ್ಟಿದ ಜಾಗ, ಎರಡೂ ಸರ್ವೆಯ ಹೊತ್ತಿಗೆ ಎಲ್ಲಿದ್ದರು, ಅರ್ಜಿ ಕೊಟ್ಟಿದ್ದಾರಾ. ಮೂರನೇ ಕಾಲಂ ತುಂಬುತ್ತಾ ಹೋದ ಹಾಗೆ ಕಣ್ಣಿಗೆ ಕಟ್ಟಿತು. ಸಾಂಗ್ಲಿ, ಮಿರಜ್, ಪುಣೆ, ಮುಂಬೈ, ಗೋವಾ. ಕಬ್ಬು, ಇಟ್ಟಿಗೆ ಭಟ್ಟಿ, ಮನೆಗೆಲಸ. ಹೊಟ್ಟೆಗಾಗಿ ಊರು ಬಿಟ್ಟವರೇ ಲಿಸ್ಟ್ ಬಿಟ್ಟಿದ್ದಾರೆ. ಎಲ್ಲರಿಗಿಂತ ಬಡವರು ಯಾರೋ ಅವರೇ ಹೊರಗೆ ಉಳಿದಿದ್ದಾರೆ. ಇದು ಒಬ್ಬ ಅಧಿಕಾರಿ ಸರಿ ಮಾಡುವ ಮಾತಲ್ಲ ಅಂತ ನನಗೆ ಆಗ ತಿಳಿಯಿತು. ಲಿಸ್ಟ್ ಮತ್ತೆ ತೆರೆಯಬೇಕು ಅಂದರೆ ಸರ್ಕಾರವೇ ತೆರೆಯಬೇಕು, ಸರ್ಕಾರವನ್ನು ಎದ್ದು ನಿಂತು ಕೇಳುವ ಹಕ್ಕಿರುವುದು ಶಾಸಕರಿಗೆ.

ಶಾಸಕರನ್ನು ಭೇಟಿ ಮಾಡುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಬೆಳಗ್ಗೆ ಏಳಕ್ಕೆ ಅವರ ಮನೆ ಮುಂದೆ ನಿಲ್ಲಬೇಕು. ಟ್ರಾನ್ಸ್‌ಫರ್ ಲೆಟರ್, ಬೋರ್‌ವೆಲ್, ಮದುವೆ ಕಾರ್ಡು, ಆಸ್ಪತ್ರೆ ಬಿಲ್ಲು, ಎಲ್ಲ ಕೈಯಲ್ಲಿ ಹಿಡಿದುಕೊಂಡವರ ನಡುವೆ ನಾನು ವಹಿ ಹಿಡಿದು ನಿಂತೆ. ಮೊದಲ ದಿನ ಅವರು ಹೊರಟುಹೋದರು. ಎರಡನೇ ದಿನವೂ ಹಾಗೇ. ಮೂರನೇ ದಿನ ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದರು, "ಏನಮ್ಮ?" ಮಾಜಿ ದೇವದಾಸಿಯರು ಲಿಸ್ಟ್‌ನಿಂದ ಬಿಟ್ಟುಹೋಗಿದ್ದಾರೆ ಸರ್ ಅಂದೆ. "ಎಷ್ಟು ಜನ?" ಅಂದರು. 63, ಹನ್ನೊಂದು ಹಳ್ಳಿ, ಹೆಸರು ಸಮೇತ ಬರೆದಿದ್ದೇನೆ ಅಂದೆ. ಅವರು ಕಾರಿನ ಬಾಗಿಲು ಮುಚ್ಚಿ ಒಳಗೆ ಬಂದು ಕೂತರು.

ಈ ಗಳಿಗೆಯನ್ನು ನಾನು ತುಂಬಾ ಸಲ ನೆನಪಿಸಿಕೊಳ್ಳುತ್ತೇನೆ. ಬಹಳ ಅನ್ಯಾಯ ಆಗಿದೆ ಸರ್ ಅಂದಿದ್ದರೆ ಅವರು ನಿಲ್ಲುತ್ತಿರಲಿಲ್ಲ. ಅನ್ಯಾಯ ಅಂತ ಅವರಿಗೆ ದಿನಕ್ಕೆ ನೂರು ಜನ ಹೇಳುತ್ತಾರೆ. ಎಣಿಸಿಕೊಂಡು ಬಂದವರು ಕಡಿಮೆ.

ಅವರ ಆಪ್ತ ಸಹಾಯಕರು ವಯಸ್ಸಾದವರು, ಹಲವು ಶಾಸಕರ ಹತ್ತಿರ ಕೆಲಸ ಮಾಡಿದವರು. ಮುಂದಿನ ಅಧಿವೇಶನ ಬೆಳಗಾವಿಯಲ್ಲೇ, ಪ್ರಶ್ನೆ ಬರೆದುಕೊಂಡು ಬಾ ಅಂದರು. ನಾನು ನಾಲ್ಕು ಪುಟ ಬರೆದುಕೊಂಡು ಹೋದೆ. ಗುಡ್ಡ, ಮುತ್ತು, ಬರ, ಕಬ್ಬು, ಅವ್ವ, ಎಲ್ಲ ಇತ್ತು. ಅವರು ಪೂರ್ತಿ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಚೆನ್ನಾಗಿದೆ ಮಗಳೇ, ಆದ್ರೆ ಇದು ಪ್ರಶ್ನೆ ಅಲ್ಲ" ಅಂದರು.

ಆ ಮಧ್ಯಾಹ್ನ ನಾನು ಕಲಿತಷ್ಟು ಬಿ.ಎಡ್‌ನಲ್ಲೂ ಕಲಿತಿಲ್ಲ. ಸದನದ ಪ್ರಶ್ನೆಯಲ್ಲಿ ವಾದ ಇರಬಾರದು, ಆರೋಪ ಇರಬಾರದು, ವ್ಯಂಗ್ಯ ಇರಬಾರದು. ಬರೀ ಮಾಹಿತಿ ಕೇಳಬೇಕು. ಅ, ಆ, ಇ, ಈ ಅಂತ ಭಾಗ ಮಾಡಿ ಕೇಳಬೇಕು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಹಾಗೇ ಅಚ್ಚಾಗುತ್ತದೆ. ಅವರು ಹಳೇ ಉತ್ತರದ ಪ್ರತಿಗಳನ್ನು ತಂದು ನನ್ನ ಮುಂದೆ ಹರಡಿದರು. ನೋಡು, ಜಾಸ್ತಿ ಜನ ಹೀಗೆ ಕೇಳುತ್ತಾರೆ: ಇಂಥ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಈಗ ಬಲಗಡೆ ಓದು ಅಂದರು. ಓದಿದೆ. ಮೊದಲನೆಯದರ ಮುಂದೆ "ಬಂದಿರುವುದಿಲ್ಲ" ಅಂತ ಇತ್ತು. ಎರಡನೆಯದರ ಮುಂದೆ "ಉದ್ಭವಿಸುವುದಿಲ್ಲ."

ಒಂದೇ ಪದ. ಉದ್ಭವಿಸುವುದಿಲ್ಲ. ಗಮನಕ್ಕೇ ಬಂದಿಲ್ಲ ಅಂದ ಮೇಲೆ ಕ್ರಮದ ಪ್ರಶ್ನೆ ಹುಟ್ಟುವುದೇ ಇಲ್ಲ. ಪ್ರಶ್ನೆ ಕೇಳಿದವರೇ ಆ ಬಾಗಿಲು ತೆರೆದು ಕೊಟ್ಟಿದ್ದಾರೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಏಕೆಂದರೆ ನನ್ನ ನಾಲ್ಕು ಪುಟದಲ್ಲೂ ಕೊನೆಗೆ ನಾನು ಕೇಳಿದ್ದು ಅದನ್ನೇ. ಗಮನಕ್ಕೆ ಬಂದಿದೆಯೇ ಅಂತ.

"ಎಷ್ಟು, ಯಾವಾಗ, ಯಾವ ಕಾರಣಕ್ಕೆ. ಈ ಮೂರು ಬಿಟ್ಟು ಬೇರೆ ಕೇಳಬೇಡ" ಅಂದರು. ಪೆನ್ಸಿಲ್ ಹಿಡಿದು ಇಬ್ಬರೂ ಕೂತೆವು. ಸಂಜೆ ಐದರ ಹೊತ್ತಿಗೆ ನಾಲ್ಕು ಪುಟ ನಾಲ್ಕು ಸಾಲಾಯಿತು. 2007-08ರ ಸಮೀಕ್ಷೆಯ ನಂತರ ಪಟ್ಟಿಗೆ ಹೆಸರು ಸೇರಿಸಲು ಕೋರಿ ಬಂದ ಅರ್ಜಿಗಳೆಷ್ಟು, ತಾಲ್ಲೂಕುವಾರು ವಿವರ ನೀಡುವುದು. ಅವುಗಳಲ್ಲಿ ತಿರಸ್ಕರಿಸಿದ ಅರ್ಜಿಗಳೆಷ್ಟು, ಯಾವ ಕಾರಣಕ್ಕೆ. ಬಿಟ್ಟುಹೋದವರನ್ನು ಸೇರಿಸಲು ಮರು ಸಮೀಕ್ಷೆ ಯಾವಾಗ ಮಾಡಲಾಗುವುದು. ನಾಲ್ಕನೆಯದು ನನ್ನದು, ನಾನು ಹಟ ಹಿಡಿದು ಸೇರಿಸಿದ್ದು: ಮಾಜಿ ದೇವದಾಸಿಯರ ಮಕ್ಕಳ ಶಾಲಾ ದಾಖಲೆ ಮತ್ತು ಪ್ರಮಾಣಪತ್ರಗಳಲ್ಲಿ ತಂದೆಯ ಹೆಸರು ಕಡ್ಡಾಯ ಮಾಡಿರುವುದು ಯಾವ ಆದೇಶದ ಮೇಲೆ.

ಯಾಕೆ ಹಟ ಹಿಡಿದೆ ಅಂದರೆ, ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ಅಂತ ಇರುವುದು ಅವ್ವನ ಚಿಕ್ಕಪ್ಪನ ಮಗನ ಹೆಸರು. ನನ್ನ ಸೋದರಮಾವ. ಒಂದನೇ ಕ್ಲಾಸಿಗೆ ಹಾಕುವಾಗ ಮಾಸ್ತರರು ಕಾಲಂ ಖಾಲಿ ಬಿಡಲು ಆಗುವುದಿಲ್ಲ ಅಂದರಂತೆ, ಜೊತೆಗೆ ಬಂದಿದ್ದ ಮಾವ ನನ್ನದೇ ಬರೆದುಬಿಡಿ ಅಂದನಂತೆ. ಒಳ್ಳೇ ಮನಸ್ಸಿನಿಂದಲೇ ಹೇಳಿದ. ಆದರೆ ಆಮೇಲೆ ಜಾತಿ ಪ್ರಮಾಣಪತ್ರಕ್ಕೆ ಹೋದಾಗ, ಸ್ಕಾಲರ್‌ಶಿಪ್‌ಗೆ ಹೋದಾಗ, ಪ್ರತಿ ಕಿಟಕಿಯಲ್ಲೂ ಆ ಸುಳ್ಳನ್ನು ನಾನು ಎತ್ತಿಕೊಂಡು ನಿಲ್ಲಬೇಕಾಯಿತು. ಕೌಂಟರಿನಲ್ಲಿ ಜನ ಕೇಳುವಷ್ಟು ಜೋರಾಗಿ ಕೇಳುತ್ತಾರೆ, ಅಪ್ಪ ಏನು ಮಾಡುತ್ತಾರೆ? ಇವತ್ತಿಗೂ ಹೊಸ ಮಗು ಶಾಲೆಗೆ ಸೇರುವ ದಿನ ಆ ಕಾಲಂ ಬಂದಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು. ಕೊಟ್ಟರು. ಅದರಲ್ಲಿ ಎರಡು ಥರ. ಚುಕ್ಕೆ ಗುರುತಿನ ಪ್ರಶ್ನೆ ಆದರೆ ಮಂತ್ರಿ ಸದನದಲ್ಲಿ ಎದ್ದು ಬಾಯಲ್ಲಿ ಉತ್ತರ ಹೇಳಬೇಕು, ಶಾಸಕರು ಮೇಲೆ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಬರೀ ಲಿಖಿತ ಉತ್ತರ, ಅಲ್ಲಿಗೆ ಮುಗೀತು. ಪ್ರಶ್ನೆಗಳು ನೂರಾರು ಬರುತ್ತವೆ, ಚೀಟಿ ಎತ್ತಿ ಆರಿಸುತ್ತಾರೆ. ನಮ್ಮದಕ್ಕೆ ಚುಕ್ಕೆ ಸಿಗಲಿಲ್ಲ.

ನಾನು ಅವತ್ತು ಶಾಲೆಯಲ್ಲಿದ್ದೆ. ಆಪ್ತ ಸಹಾಯಕರ ಫೋನ್ ಬಂತು, ಚುಕ್ಕೆ ಬಿದ್ದಿಲ್ಲಮ್ಮ ಅಂದರು. ಸ್ಟಾಫ್ ರೂಮಿನಲ್ಲಿ ಸುಮ್ನೆ ಕೂತುಬಿಟ್ಟೆ. ಆಮೇಲೆ ಅವರೇ ಹೇಳಿದರು, ಬೇಜಾರಾಗಬೇಡ, ಲಿಖಿತ ಉತ್ತರ ಬರಲಿ, ಉತ್ತರ ಕೈಯಲ್ಲಿದ್ದರೆ ಆಮೇಲೆ ನಿಯಮ 73ರಲ್ಲಿ ಗಮನ ಸೆಳೆಯುವ ಸೂಚನೆ ಕೊಡಬಹುದು, ಅದರಲ್ಲಿ ಮಾತಾಡಲು ಅವಕಾಶ ಇದೆ.

ಉತ್ತರ ಬಂತು. ಮೂರು ಹಾಳೆ. ಅಲ್ಲಿ "ಉದ್ಭವಿಸುವುದಿಲ್ಲ" ಇರಲಿಲ್ಲ. ಬರೆಯಲು ಜಾಗವೇ ಇರಲಿಲ್ಲ ಅದಕ್ಕೆ. ಮರು ಸಮೀಕ್ಷೆಯ ಮುಂದೆ ಪರಿಶೀಲನೆಯಲ್ಲಿದೆ ಅಂತ ಇತ್ತು, ಅದು ಎಲ್ಲ ಉತ್ತರದಲ್ಲೂ ಇರುವ ಮಾತು. ಆದರೆ ತಿರಸ್ಕಾರದ ಕಾರಣದ ಮುಂದೆ ಒಂದೇ ಸಾಲಿತ್ತು: ಸಮೀಕ್ಷಾ ಪಟ್ಟಿಯಲ್ಲಿ ಹೆಸರು ಇಲ್ಲದಿರುವುದು. ಶಾಸಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಹೆಸರಿಲ್ಲ ಅಂತ ಹೆಸರು ಸೇರಿಸಲ್ಲ. ಅವ್ವನ ಹಿಂಬರಹದಲ್ಲಿದ್ದ ಅದೇ ಮಾತು ಈಗ ಸದನದ ಕಾಗದದ ಮೇಲೆ ಅಚ್ಚಾಗಿತ್ತು.

ಸೂಚನೆ ಕೊಟ್ಟ ಮೇಲೆ ಯಾವ ದಿನ ಬರುತ್ತದೆ ಅಂತ ಖಾತ್ರಿ ಇರುವುದಿಲ್ಲ. ಪಾಸ್ ಮಾಡಿಸುತ್ತೇನೆ, ಬನ್ನಿ ಅಂದರು. ನಾನು, ಅವ್ವ, ವಹಿಯಲ್ಲಿದ್ದ ಇನ್ನಿಬ್ಬರು ಹೊರಟೆವು. ಮುಧೋಳದಿಂದ ಬೆಳಗಿನ ಬಸ್ಸು. ಡಿಸೆಂಬರ್ ಅಂದರೆ ಕಾರ್ಖಾನೆ ಸೀಸನ್, ದಾರಿ ತುಂಬಾ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್. ಲೋಕಾಪುರದಲ್ಲಿ ಗುಡ್ಡಕ್ಕೆ ಹೊರಟವರು ಹತ್ತಿದರು. ಹೊಸ್ತಿಲ ಹುಣ್ಣಿಮೆ ಹತ್ತಿರ ಬಂದಿತ್ತು. ಹಣೆ ತುಂಬಾ ಭಂಡಾರ, ಮಡಿಲಲ್ಲಿ ದೇವಿಯ ಬುಟ್ಟಿ ಪಡಲಗಿ, ಉಧೋ ಉಧೋ ಅಂತ ಕೂಗು. ಯರಗಟ್ಟಿಯಲ್ಲಿ ಅವರೆಲ್ಲ ಸವದತ್ತಿ ಬಸ್ಸಿಗೆ ಇಳಿದರು. ಅವರ ಜೊತೆ ಹತ್ತು ಹನ್ನೆರಡು ವರ್ಷದ ಒಂದು ಹುಡುಗಿ ಇದ್ದಳು, ಹಸಿರು ಬಳೆ, ಹೊಸ ಲಂಗ. ಸುಮ್ನೆ ದರ್ಶನಕ್ಕೆ ಹೊರಟಿರಬಹುದು, ನನಗೆ ಗೊತ್ತಿಲ್ಲ. ಅವ್ವ ಕಿಟಕಿಯಿಂದ ಆ ಹುಡುಗಿಯನ್ನೇ ನೋಡುತ್ತಿದ್ದಳು. ಬಸ್ಸು ಬಿಟ್ಟ ಮೇಲೂ ಕತ್ತು ತಿರುಗಿಸಿ ನೋಡಿದಳು. ಬೆಳಗಾವಿ ಬರುವವರೆಗೂ ಮಾತಾಡಲಿಲ್ಲ.

ಸುವರ್ಣಸೌಧ ಇರುವುದು ಊರ ಹೊರಗೆ, ಹಲಗಾ-ಬಸ್ತವಾಡದ ಹತ್ತಿರ, ಹೆದ್ದಾರಿ ಪಕ್ಕದ ದಿಬ್ಬದ ಮೇಲೆ. 2012ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟನೆ ಮಾಡಿದ್ದು. ಅದಕ್ಕೂ ಮುಂಚೆ 2006ರಲ್ಲೇ ಬೆಳಗಾವಿಯಲ್ಲಿ ಅಧಿವೇಶನ ಶುರುವಾಗಿತ್ತು. ನಮ್ಮ ಕಡೆಯವರಿಗೆ ಇದರ ಬೆಲೆ ಬೇರೆಯವರಿಗಿಂತ ಜಾಸ್ತಿ ಗೊತ್ತು. ಬೆಂಗಳೂರಿಗೆ ಹೋಗಬೇಕಿದ್ದರೆ ಅವ್ವ ಬರುತ್ತಲೇ ಇರಲಿಲ್ಲ, ರಾತ್ರಿ ಪ್ರಯಾಣ, ಇಳಿಯಲು ಜಾಗ, ಒಂದಾ ಎರಡಾ. ವರ್ಷಕ್ಕೆ ಹತ್ತು ದಿನ ಸರ್ಕಾರ ನಮ್ಮ ಹತ್ತಿರಕ್ಕೆ ಬರುತ್ತದೆ, ಆ ಹತ್ತು ದಿನವನ್ನು ನಾವು ಬಿಡಬಾರದು. ಕೊಂಡಸಕೊಪ್ಪದ ಕಡೆ ಮತ್ತು ಸುವರ್ಣ ಗಾರ್ಡನ್‌ನಲ್ಲಿ ಧರಣಿಯ ಟೆಂಟ್‌ಗಳು. ಅಂಗನವಾಡಿಯವರು, ರೈತರು, ಅತಿಥಿ ಉಪನ್ಯಾಸಕರು. ಮೈಕಿನ ಮೇಲೆ ಮೈಕು. ನಮ್ಮ ಹತ್ತಿರ ಮೈಕ್ ಇರಲಿಲ್ಲ, ಬ್ಯಾನರ್ ಇರಲಿಲ್ಲ.

ಮೊದಲ ದಿನ ಗ್ಯಾಲರಿಗೆ ಹೋಗಿ ಕೂತಿದ್ದೇ ಬಂತು. ಬೇರೆ ಯಾವುದೋ ವಿಚಾರಕ್ಕೆ ಗದ್ದಲ, ಸದಸ್ಯರು ಅಧ್ಯಕ್ಷರ ಪೀಠದ ಮುಂದಿನ ಬಾವಿಗೆ ಇಳಿದರು, ಹತ್ತು ನಿಮಿಷ ಮುಂದೂಡಿದರು, ಮತ್ತೆ ಸೇರಿದರು, ಮತ್ತೆ ಗದ್ದಲ, ನಾಳೆಗೆ ಮುಂದೂಡಿದರು. ಜೊತೆಯಲ್ಲಿದ್ದ ಅಜ್ಜಿ "ನಮ್ದು ಯಾವಾಗ?" ಅಂತ ಮೂರು ಸಲ ಕೇಳಿದಳು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸದನದ ಒಂದು ಗಂಟೆ ಹೋಯಿತು ಅಂದರೆ ಟಿವಿಯವರಿಗೆ ಅದು ಸುದ್ದಿ. ದೂರದಿಂದ ಬುತ್ತಿ ಕಟ್ಟಿಕೊಂಡು ಬಂದ ಅಜ್ಜಿಯ ಸರದಿ ಅಲ್ಲಿ ಹೋಗುತ್ತದೆ. ರಾತ್ರಿ ಒಬ್ಬ ಗೆಳತಿಯ ಮನೆಯಲ್ಲಿ ನಾಲ್ವರೂ ಒಂದೇ ಜಮಖಾನೆ ಮೇಲೆ ಮಲಗಿದೆವು. ಬೆಳಗಾವಿ ಚಳಿ ಗೊತ್ತಲ್ವಾ.

ಮರುದಿನ ಸಂಜೆ ಆರೂವರೆಗೆ ನಮ್ಮ ಸರದಿ ಬಂತು. ಬೆಂಚುಗಳು ಅರ್ಧಕ್ಕಿಂತ ಜಾಸ್ತಿ ಖಾಲಿ. 224 ಜನರ ಸದನ ಅದು, 2023ರಲ್ಲಿ ಗೆದ್ದು ಬಂದ ಹೆಂಗಸರು ಬರೀ 10. ನಾನು ಮೇಲಿಂದ ಎಣಿಸುತ್ತಾ ಕೂತಿದ್ದೆ, ಆ ಹೊತ್ತಿನಲ್ಲಿ ಕಂಡವರು ಇನ್ನೂ ಕಡಿಮೆ.

ಶಾಸಕರು ಎದ್ದರು. ಅವರ ಕೈಯಲ್ಲಿ ನಮ್ಮ ವಹಿಯ ಜೆರಾಕ್ಸ್ ಇತ್ತು, ಗುರುತು ಸಿಕ್ಕಿತು, ಮೊದಲ ಪುಟದ ಅರಿಶಿನದ ಬೆರಳು ಜೆರಾಕ್ಸ್‌ನಲ್ಲಿ ಕಪ್ಪಗೆ ಬಂದಿತ್ತು. ಅವರು ಮಾತು ಶುರು ಮಾಡಿದ್ದು ಕಾಯ್ದೆಯಿಂದ. ಬೆಳಗಾವಿ, ವಿಜಯಪುರ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ 1934ರಲ್ಲೇ ದೇವದಾಸಿ ರಕ್ಷಣೆಯ ಕಾನೂನು ಬಂದಿತ್ತು, ಆಮೇಲೆ 1982ರ ಕಾಯ್ದೆ ಬಂತು. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಜೈಲು, ಹೆತ್ತವರೇ ಮಾಡಿಸಿದರೆ 5 ವರ್ಷದವರೆಗೆ. ಇಷ್ಟೆಲ್ಲ ಕಾನೂನು ಮಾಡಿದ ನಾವು ಆ ಹೆಂಗಸರನ್ನು ಎಣಿಸಿದ್ದು ಎರಡೇ ಸಲ ಅಂದರು. ಆಮೇಲೆ ಹಳ್ಳಿಯ ಹೆಸರು, ಮುಂದೆ ಸಂಖ್ಯೆ. ಏಳು. ನಾಲ್ಕು. ಒಂಬತ್ತು. ಹನ್ನೊಂದೂ ಓದಿದರು. ನಮ್ಮೂರಿನ ಹೆಸರು ಬಂದಾಗ ಅವ್ವ ನನ್ನ ಮೊಣಕೈ ಹಿಡಿದಳು. ಬಲಗಡೆ ಬೆಂಚಿನಿಂದ ಬೇರೆ ಪಕ್ಷದ ಒಬ್ಬರು ಎದ್ದು ನಮ್ಮ ತಾಲ್ಲೂಕಿನಲ್ಲೂ ಹೀಗೇ ಇದೆ ಅಂತ ದನಿಗೂಡಿಸಿದರು. ತಂದೆಯ ಹೆಸರಿನ ವಿಷಯಕ್ಕೆ ಬರುವ ಹೊತ್ತಿಗೆ ಬೇಗ ಮುಗಿಸಿ ಅಂತ ಪೀಠದಿಂದ ಸೂಚನೆ ಬಂತು. ಅವರು ಒಂದೇ ಮಾತು ಹೇಳಿದರು: ತಾಯಿಯ ಹೆಸರು ಸಾಕು ಅಂತ ಒಂದು ಆದೇಶ ಮಾಡಿ, ಒಂದು ಪೈಸೆ ಖರ್ಚಿಲ್ಲ.

ಸಚಿವರು ಎದ್ದು, ಬಿಟ್ಟುಹೋದವರ ವಿಚಾರ ಪರಿಶೀಲಿಸುತ್ತೇವೆ ಅಂದರು. ಕೂತರು. ಮುಂದಿನ ಸೂಚನೆ ಕರೆದರು.

ಗೋಡೆಯ ಗಡಿಯಾರ ನೋಡಿದೆ. ಎಲ್ಲ ಸೇರಿ ಏಳು ನಿಮಿಷ.

ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅವ್ವ ಕೇಳಿದಳು, "ಊರು ಓದಿದ್ರು. ನಮ್ಮ ಹೆಸರು ಯಾಕ ಓದಲಿಲ್ಲ?"

ಹೆಸರು ಓದಬೇಡಿ ಅಂತ ನಾನೇ ಹೇಳಿದ್ದೆ. ಅಳಿಯಂದಿರು, ಬೀಗರು, ಶಾಲೆಗೆ ಹೋಗುವ ಮೊಮ್ಮಕ್ಕಳು. ಸದನದಲ್ಲಿ ಆಡಿದ ಮಾತು ನಡಾವಳಿಯಲ್ಲಿ ಅಚ್ಚಾಗಿ ಶಾಶ್ವತವಾಗಿ ಉಳಿಯುತ್ತದೆ. ಅದನ್ನು ವಿವರಿಸಿ ಹೇಳಿದೆ. ಜೊತೆಗಿದ್ದ ಇಬ್ಬರೂ ಹೌದು ಹೌದು, ಒಳ್ಳೇದು ಮಾಡಿದಿ ಅಂದರು. ಅವ್ವ ಒಪ್ಪಲಿಲ್ಲ. "ನಂದಾದ್ರೂ ಓದಬೇಕಿತ್ತು" ಅಂದಳು. "ನಾ ಯಾರಿಗೆ ಅಂಜಲಿ?"

ಅವಳಿಗೆ ಏನು ಬೇಕು ಅಂತ ನಾನು ಕೇಳಿಯೇ ಇರಲಿಲ್ಲ. ಅವಳ ಪರವಾಗಿ ಎಲ್ಲ ನಾನೇ ತೀರ್ಮಾನ ಮಾಡಿದ್ದೆ.

ಮರುದಿನದ ಪೇಪರ್‌ಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ತಿರುವಿದೆವು. ಗದ್ದಲದ ಸುದ್ದಿ ಎಲ್ಲದರಲ್ಲೂ ಇತ್ತು. ನಮ್ಮದು ಒಂದರಲ್ಲಿ ಮಾತ್ರ, ಒಳಪುಟದಲ್ಲಿ, ಮೂರು ಸಾಲು.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, ಪಗಾರ ಯಾವಾಗ ಬರುತ್ತದೆ? ಮಾಸಾಶನಕ್ಕೆ ನಮ್ಮ ಕಡೆ ಪಗಾರ ಅಂತಲೇ ಅನ್ನುತ್ತಾರೆ. ನಾನು ಇಲ್ಲ, ಇನ್ನೂ ಇಲ್ಲ ಅಂತ 63 ಮನೆಗೆ ಹೇಳಬೇಕಾಯಿತು. ಆಪ್ತ ಸಹಾಯಕರು ಇನ್ನೊಂದು ದಾರಿ ಹೇಳಿದರು. ಸಚಿವರು ಸದನದಲ್ಲಿ ಮಾಡುತ್ತೇವೆ, ಪರಿಶೀಲಿಸುತ್ತೇವೆ ಅಂದರೆ ಅದು ಗಾಳಿಗೆ ಹೋಗುವ ಮಾತಲ್ಲ, ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, ಕೊಟ್ಟ ಭರವಸೆ ಏನಾಯಿತು ಅಂತ ಕೇಳುವುದೇ ಅದರ ಕೆಲಸ. ಅದಕ್ಕೊಂದು ಪತ್ರ ಬರೆಸಿದೆವು. ಆ ದಿನದ ನಡಾವಳಿಯ ಪ್ರತಿ ತೆಗೆಸಿ, ಎಲ್ಲ 63 ಜನರಿಂದ ಹೊಸ ಅರ್ಜಿ ಬರೆಸಿ ಅದರ ಜೆರಾಕ್ಸ್ ಲಗತ್ತಿಸಿದೆವು. ಅರ್ಜಿ ತಗೊಳ್ಳುವವರು ಹಾಳೆ ತಿರುವಿ, ಇದು ಸದನದಲ್ಲಿ ಬಂದಿದೆಯಾ ಅಂತ ಕೇಳಿ, ಮುಂಚಿನಂತೆ ಪಕ್ಕಕ್ಕೆ ಎಸೆಯದೆ ಸ್ವೀಕೃತಿ ಸೀಲ್ ಹಾಕಿ ಕೊಟ್ಟರು. ಅಷ್ಟಾದರೂ ಬದಲಾಯಿತು.

2025ರ ಆಗಸ್ಟ್‌ನಲ್ಲಿ ಹೊಸ ದೇವದಾಸಿ ಮಸೂದೆ ಸದನದಲ್ಲಿ ಅಂಗೀಕಾರ ಆಯಿತು. ಮಕ್ಕಳಿಗೆ ತಂದೆ ಯಾರು ಅಂತ ಗುರುತಿಸಿಕೊಳ್ಳುವ ಹಕ್ಕು, ಆಸ್ತಿಯ ಹಕ್ಕು ಅದರಲ್ಲಿದೆ. ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಒತ್ತಾಯ ಮಾಡುವ ಹಾಗಿಲ್ಲ. ನಮ್ಮ ಏಳು ನಿಮಿಷದಿಂದ ಇದು ಆಯಿತು ಅಂತ ನಾನು ಹೇಳುವುದಿಲ್ಲ, ಹೇಳಿದರೆ ದೊಡ್ಡ ತಪ್ಪಾಗುತ್ತದೆ. ಎಷ್ಟೋ ವರ್ಷದಿಂದ ಎಷ್ಟೋ ಜಿಲ್ಲೆಯ ತಾಯಂದಿರು, ಮಕ್ಕಳು ಬೀದಿಯಲ್ಲಿ ಕೂತು, ಜಾಥಾ ಹೋಗಿ ಇದನ್ನು ಕೇಳಿದ್ದಾರೆ. ಸುದ್ದಿ ಬಂದ ದಿನ ನಾನು ಕ್ಲಾಸಿನಲ್ಲಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಓದಿದೆ, ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಅದರ ಹಿಂದೆಯೇ ಹೊಸ ಸರ್ವೆಯೂ ಬಂತು. ನಾನು ಟ್ರಂಕಿನಿಂದ ವಹಿ ತೆಗೆದು ಮತ್ತೆ ಊರೂರು ಹೊರಟೆ, ಹೆಸರು ಕೊಡಬೇಕು, ಈ ಸಲ ತಪ್ಪಿಸಿಕೊಳ್ಳಬೇಡಿ ಅಂತ ಹೇಳಲು. 63 ಹೆಸರಲ್ಲಿ ಐದರ ಮುಂದೆ ನಾನು ಅಡ್ಡಗೆರೆ ಎಳೆಯಬೇಕಾಯಿತು. ಅರಿಶಿನದ ಬೆರಳಿನ ಅಜ್ಜಿಯೂ ಅದರಲ್ಲಿ ಒಬ್ಬಳು. ಅವಳ ಮನೆಗೆ ಹೋದಾಗ ಮೊಮ್ಮಗಳು ಬಾಗಿಲು ತೆಗೆದಳು. ಅಜ್ಜಿ ಹೋಗಿ ಎಂಟು ತಿಂಗಳಾಯಿತು ಅಂದಳು. ಆ ಪುಟ ತೋರಿಸಿದೆ. ಅವಳು ಬೆರಳಚ್ಚಿನ ಮೇಲೆ ತನ್ನ ಬೆರಳು ಇಟ್ಟು ನೋಡಿದಳು, ಆಮೇಲೆ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಅವ್ವನನ್ನು ನಾನೇ ಕರೆದುಕೊಂಡು ಹೋದೆ. ಸರದಿಯಲ್ಲಿ ನಿಂತಿದ್ದಾಗ ನಾನು ಹೇಳುತ್ತೇನೆ, ನೀನು ಸುಮ್ನಿರು ಅಂದೆ, ಅಭ್ಯಾಸ ಬಲ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ಮೇಜಿನ ಮುಂದೆ ಹೋಗಿ ಎರಡೂ ಕೈ ಊರಿ ನಿಂತು, ಅವರು ಕೇಳುವ ಮೊದಲೇ ತನ್ನ ಪೂರ್ತಿ ಹೆಸರು ಹೇಳಿದಳು. ಅವರು ಬರೆಯುತ್ತಿದ್ದಾಗ ಬಗ್ಗಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. "ಬರೆದ್ರೇನು?" ಅಂದಳು. ಬರೆದೆವು ಅಮ್ಮ ಅಂದರು. "ಇನ್ನೊಮ್ಮೆ ಓದಿ ಹೇಳ್ರಿ" ಅಂದಳು.